ನಕ್ಷೆಯ ದೂರ, ಗಡಿಯ ದೂರ

2025ರ ಏಪ್ರಿಲ್ 24ರಂದು ಪಾಕಿಸ್ತಾನವು ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿತು. ಏಪ್ರಿಲ್ 30ರಂದು ಭಾರತವೂ ಅದೇ ಕ್ರಮ ಕೈಗೊಂಡಿತು. ಬಳಿಕ ಈ ನಿರ್ಬಂಧ ತಿಂಗಳಿಗೊಮ್ಮೆ ವಿಸ್ತರಣೆಯಾಗುತ್ತ ಬಂದಿತು. ದೆಹಲಿಯಿಂದ ಲಂಡನ್ನಿಗೆ ಇರುವ ಸುಮಾರು 6,700 ಕಿ.ಮೀ. ನೇರ ದೂರವು ಇದರಿಂದ ಒಂದು ಮೊಳವೂ ಹೆಚ್ಚಲಿಲ್ಲ. ಆದರೆ ನಮ್ಮ ವಿಮಾನಗಳು ಅರಬ್ಬೀ ಸಮುದ್ರದ ಕಡೆಯಿಂದ ಬಳಸಿ ಹೋಗಬೇಕಾದುದರಿಂದ ಪ್ರಯಾಣದ ಅವಧಿ ಹೆಚ್ಚಿತು.

ಮಕ್ಕಳಿಗೆ ಭೂಗೋಳ ಕಲಿಸುವ ನಾವು ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಚಪ್ಪಟೆ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟರೆ ಎರಡು ದೂರದ ನಿಲ್ದಾಣಗಳ ನಡುವಿನ ನಿಜವಾದ ಅಂತರ ತಿಳಿಯದು. ಭೂಗೋಳದ ಮಾದರಿಯ ಮೇಲೆ ನೂಲನ್ನು ಬಿಗಿಯಾಗಿ ಎಳೆದು ಹಿಡಿದಾಗ ಕಾಣುವುದೇ ಅತಿ ಹತ್ತಿರದ ದಾರಿ. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋಗೆ ಹೀಗೆ ನೂಲು ಎಳೆದರೆ ಅದು ಬಹುಪಾಲು ರಷ್ಯಾದ ಮೇಲೆಯೇ ಸಾಗುತ್ತದೆ. ದೂರ ಸುಮಾರು 7,800 ಕಿ.ಮೀ. ಗಂಟೆಗೆ ಸುಮಾರು 900 ಕಿ.ಮೀ. ವೇಗದ ವಿಮಾನವು ಏರುವ, ಇಳಿಯುವ ಹೊತ್ತೂ ಸೇರಿ ಒಂಬತ್ತೂವರೆ ಗಂಟೆಯಲ್ಲಿ ತಲುಪುತ್ತಿತ್ತು.

2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾಯಿತು. ಯುರೋಪಿನ ದೇಶಗಳು ರಷ್ಯಾದ ವಿಮಾನಗಳನ್ನು ನಿಷೇಧಿಸಿದವು; ಪ್ರತಿಯಾಗಿ ರಷ್ಯಾ ಅವುಗಳ ವಿಮಾನಗಳನ್ನು ತಡೆಯಿತು. ಫಿನ್ಲೆಂಡಿನ ವಿಮಾನಗಳು ಉತ್ತರ ಧ್ರುವದ ಮೇಲಿಂದ ಸುಮಾರು 13,000 ಕಿ.ಮೀ. ಸುತ್ತಿ, 13 ಗಂಟೆ ಹಾರತೊಡಗಿದವು. ಎರಡು ನಗರಗಳೂ ಇದ್ದಲ್ಲಿಯೇ ಇವೆ; ನಡುವಿನ ದಾರಿ ಮಾತ್ರ ಸುಮಾರು ಮೂರನೇ ಎರಡು ಪಾಲು ಹೆಚ್ಚಾಯಿತು.

ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿಯೂ ಪ್ರಯಾಣಕಾಲವನ್ನು ಬದಲಿಸುತ್ತದೆ. ಲಂಡನ್ನಿಂದ ನ್ಯೂಯಾರ್ಕಿಗೆ ಹೋಗುವುದಕ್ಕಿಂತ ಮರಳಿ ಬರುವುದು ಸುಮಾರು ಒಂದು ಗಂಟೆ ಬೇಗ ಮುಗಿಯುವುದು ಇದರಿಂದಲೇ. ಆದರೆ ಗಾಳಿ ವಿಮಾನದ ದೇಶವನ್ನು ಕೇಳುವುದಿಲ್ಲ, ಗಡಿ ಕೇಳುತ್ತದೆ.

ಈ ಸುತ್ತುದಾರಿಗೆ ಬೆಲೆಯೂ ಇದೆ. 2019ರ ಫೆಬ್ರವರಿಯಿಂದ ಜುಲೈ 16ರವರೆಗೆ ಪಾಕಿಸ್ತಾನ ಇದೇ ರೀತಿ ಆಕಾಶ ಮುಚ್ಚಿದಾಗ ಭಾರತದ ವಿಮಾನ ಸಂಸ್ಥೆಗಳಿಗೆ ಸುಮಾರು 548 ಕೋಟಿ ರೂಪಾಯಿ ನಷ್ಟವಾಯಿತೆಂದು ಸರ್ಕಾರ ರಾಜ್ಯಸಭೆಗೆ ತಿಳಿಸಿತು. ದೆಹಲಿ–ಇಸ್ತಾಂಬುಲ್ ನಡುವಿನ ಇಂಡಿಗೋ ವಿಮಾನ ಇಂಧನಕ್ಕಾಗಿ ದೋಹಾದಲ್ಲಿ ಇಳಿಯಬೇಕಾಯಿತು.

ಗಡಿನಾಡಿನ ನಮಗೆ ಈ ಲೆಕ್ಕ ಹೊಸತಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. 2020ರ ಮಾರ್ಚಿನಲ್ಲಿ, ಕೊರೋನಾದ ದಿನಗಳಲ್ಲಿ, ತಲಪಾಡಿಯ ಹೆದ್ದಾರಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿಯಲಾಯಿತು. ಆಂಬುಲೆನ್ಸುಗಳು ಹಿಂದಿರುಗಿದವು, ಚಿಕಿತ್ಸೆ ದೊರೆಯದೆ ರೋಗಿಗಳು ಸತ್ತ ವರದಿಗಳು ಬಂದವು. ಒಂದು ಗಂಟೆಯ ಆ ದಾರಿ ಅವರ ಪಾಲಿಗೆ ಮುಗಿಯದ ದಾರಿಯಾಯಿತು.

ಇಲ್ಲೊಂದು ಮುಖ್ಯ ವ್ಯತ್ಯಾಸವನ್ನು ಮರೆಯಬಾರದು. 1944ರ ಶಿಕಾಗೋ ಒಡಂಬಡಿಕೆಯಂತೆ ಪ್ರತಿಯೊಂದು ದೇಶಕ್ಕೂ ತನ್ನ ಆಕಾಶದ ಮೇಲೆ ಪೂರ್ಣ ಅಧಿಕಾರವಿದೆ. ರಾಜ್ಯಗಳ ನಡುವಿನ ಗಡಿ ಅಂತಹುದಲ್ಲ. ಭಾರತದಾದ್ಯಂತ ಮುಕ್ತವಾಗಿ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರತಿ ಪ್ರಜೆಗೂ ನೀಡಿದೆ. ಸಾರ್ವಜನಿಕ ಹಿತಕ್ಕಾಗಿ ಅದಕ್ಕೆ ಮಿತಿ ಹಾಕಬಹುದು. ಆದರೆ ಆ ಮಿತಿ ನ್ಯಾಯಸಮ್ಮತವಾಗಿರಬೇಕು. 2020ರ ಏಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗೆ ದಾರಿ ತೆರೆಯಬೇಕೆಂದು ಆದೇಶಿಸಿದ್ದು ಇದೇ ನೆಲೆಯಲ್ಲಿ.

ಹೆಲ್ಸಿಂಕಿಯ ವಿಮಾನಕ್ಕೆ ಸುತ್ತಲು ಧ್ರುವವಾದರೂ ಇತ್ತು. ಗಡಿನಾಡಿನ ರೋಗಿಗೂ ವಿದ್ಯಾರ್ಥಿಗೂ ಅಂಥ ಬದಲಿದಾರಿ ಇಲ್ಲ. ಮುಂದಿನ ಸಂಕಟ ಬರುವ ಮೊದಲೇ, ಎಂಥ ಸ್ಥಿತಿಯಲ್ಲೂ ಆಸ್ಪತ್ರೆಯ, ಶಾಲೆಯ, ಪರೀಕ್ಷೆಯ ದಾರಿಗಳು ತೆರೆದಿರುವಂತೆ ನೆರೆಯ ರಾಜ್ಯಗಳು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಗ್ರಾಮಸಭೆಗಳಲ್ಲೂ ಪೋಷಕರ ಸಭೆಗಳಲ್ಲೂ ಈ ಬೇಡಿಕೆಯನ್ನು ನಾವು ಈಗಲೇ ಮಂಡಿಸೋಣ.