ಅಂಕಪಟ್ಟಿಯಲ್ಲಿ ಕಾಣದ ಓದು

ಎಸ್.ಎಸ್.ಎಲ್.ಸಿ. ಫಲಿತಾಂಶ ಹೊರಬಿದ್ದ ದಿನ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: “ಎಷ್ಟು ಬಂತು?” ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಬಂಧುಗಳು, ನೆರೆಯವರು, ಮದುವೆ ಮನೆಯಲ್ಲಿ ಭೇಟಿಯಾದವರು ಎಲ್ಲರೂ ಈ ಲೆಕ್ಕವನ್ನೇ ಕೇಳುತ್ತಾರೆ. ಹತ್ತು ತಿಂಗಳ ಕಾಲ ಮಗು ಏನನ್ನು ಓದಿತು, ಓದಿದ್ದರಲ್ಲಿ ಯಾವುದು ಅದರ ಮನಸ್ಸಿನಲ್ಲಿ ನಿಂತಿತು ಎಂದು ಕೇಳುವವರನ್ನು ನಾನು ಕಂಡಿರುವುದು ಬಹಳ ಕಡಿಮೆ.

ಮೈಸೂರಿನ ಹೆಬ್ಬಾಳದಲ್ಲಿ ಈ ಪ್ರಶ್ನೆಯ ಬಿಸಿ ತುಸು ಹೆಚ್ಚೆಂದೇ ಹೇಳಬೇಕು. (ಬೆಂಗಳೂರಿನ ಹೆಬ್ಬಾಳವೇ ಎಂದು ಕೇಳಬೇಡಿ, ನಮಗೂ ಒಂದು ಹೆಬ್ಬಾಳವಿದೆ, ಅದಕ್ಕೂ ಒಂದು ಕೆರೆಯಿದೆ.) ಒಂದು ಕಡೆ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳು, ಇನ್ನೊಂದು ಕಡೆ ಇನ್ಫೋಸಿಸ್ ಸಂಸ್ಥೆಯ ವಿಶಾಲ ಆವರಣ. ನಂಜನಗೂಡು, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ಹಳ್ಳಿಗಳಿಂದ ಬಂದು, ಶಿಫ್ಟ್ ಕೆಲಸ ಮಾಡಿ, ಸಾಲ ತೀರಿಸಿ ಮನೆ ಕಟ್ಟಿಕೊಂಡ ನಮ್ಮ ಜನ ಇಲ್ಲಿ ಅನೇಕರಿದ್ದಾರೆ. ಕಾರ್ಖಾನೆಯ ಗೇಟಿನಲ್ಲಿ ನಿಂತ ತಂದೆಗೆ ಆ ದೊಡ್ಡ ಆವರಣದ ಗೇಟು ದಿನವೂ ಕಾಣುತ್ತದೆ. ತನ್ನ ಮಗು ಅದರೊಳಗೆ ಹೋಗಲಿ ಎಂದು ಅವನು ಬಯಸಿದರೆ ಅದನ್ನು ದುರಾಸೆಯೆಂದು ಯಾರೂ ಹಳಿಯಬಾರದು. ಅಂಕವೆಂಬುದು ಅವನ ಪಾಲಿಗೆ ಬರಿಯ ಸಂಖ್ಯೆಯಲ್ಲ. ತಾನು ದಾಟಲಾರದೆ ಹೋದ ಹೊಳೆಗೆ ಹಾಕಿದ ಸೇತುವೆ.

ಇಂಥ ಒಂದು ಮನೆಯ ಹುಡುಗಿ ಈ ವರ್ಷ ಹತ್ತನೆಯ ತರಗತಿ ಮುಗಿಸಿದಳು. ಜೂನ್ ತಿಂಗಳಿನಿಂದ ಅವಳು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ತನ್ನ ಓದಿನ ವಿಷಯ ಬರೆಯುತ್ತ ಬಂದಿದ್ದಾಳೆ. ಅವಳ ಒಪ್ಪಿಗೆ ಪಡೆದೇ, ಹೆಸರು ಹೇಳದೆ, ಅದರಲ್ಲಿ ಕಂಡ ಕೆಲವು ಸಂಗತಿಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ದ್ರೋಣನು ದ್ರುಪದನ ಆಸ್ಥಾನಕ್ಕೆ ಬರುವ ಪ್ರಸಂಗವಿದೆ. ಒಟ್ಟಿಗೆ ಕಲಿತ ಗೆಳೆಯರಲ್ಲಿ ಒಬ್ಬ ರಾಜನಾಗಿದ್ದಾನೆ, ಇನ್ನೊಬ್ಬ ಬಡವನಾಗಿ ಬಾಗಿಲಿಗೆ ಬಂದಿದ್ದಾನೆ. ರಾಜನು ಇವನಾರೋ ತಿಳಿಯೆನೆನ್ನುತ್ತಾನೆ. ಇದನ್ನು ಪರೀಕ್ಷೆಗಾಗಿ ಸಂದರ್ಭ-ಸ್ವಾರಸ್ಯ ಎಂದು ಎಲ್ಲ ಮಕ್ಕಳೂ ಉರು ಹೊಡೆಯುತ್ತಾರೆ. ಈ ಹುಡುಗಿಯೂ ಹೊಡೆದಿದ್ದಾಳೆ. ಆದರೆ ನೋಟ್‌ಬುಕ್ಕಿನಲ್ಲಿ ಅವಳು ಬರೆದದ್ದು ಬೇರೆ. ನಮ್ಮ ತರಗತಿಯಲ್ಲಿ ಮುಂದೆ ಯಾರು ದ್ರುಪದರಾಗುತ್ತಾರೆ, ಯಾರು ದ್ರೋಣರಾಗುತ್ತಾರೆ ಎಂದು ಮೊದಲು ಕೇಳಿಕೊಂಡಿದ್ದಾಳೆ. ಅದರ ಕೆಳಗೆ, ಬೇರೆ ಶಾಯಿಯಲ್ಲಿ, ಬಹುಶಃ ಕೆಲವು ದಿನ ಕಳೆದ ಮೇಲೆ, ಇನ್ನೊಂದು ಪ್ರಶ್ನೆ: ದ್ರೋಣನ ಕೋಪ ನ್ಯಾಯವಾದುದೇ, ಆದರೆ ಆ ಕೋಪವನ್ನು ತೀರಿಸಿಕೊಳ್ಳಲು ಏನೂ ಅರಿಯದ ಶಿಷ್ಯರನ್ನು ಕಳುಹಿಸಿದ್ದು ನ್ಯಾಯವೇ?

ಇದನ್ನು ಓದಿ ನಾನು ಸ್ವಲ್ಪ ಹೊತ್ತು ಪುಟ ತಿರುವಲಿಲ್ಲ. ಹಿರಿಯರ ತೀರದ ಬಾಕಿಯನ್ನು ಕಿರಿಯರ ಕೈಯಲ್ಲಿ ತೀರಿಸುವ ವಿಷಯ ದ್ರೋಣನೊಂದಿಗೇ ಮುಗಿದಿಲ್ಲವಲ್ಲ.

ಇನ್ನೊಂದು ಪುಟ ಆಯ್ದಕ್ಕಿ ಲಕ್ಕಮ್ಮನದು. ಬಸವ ಜಯಂತಿಯ ವಚನ ಗಾಯನ ಸ್ಪರ್ಧೆಗಳಲ್ಲಿ ಲಕ್ಕಮ್ಮನ ವಚನಗಳನ್ನು ಹಾಡಿ ಬಹುಮಾನ ಪಡೆದ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. ಈಕೆಯೂ ಒಮ್ಮೆ ಸ್ಟೀಲ್ ಲೋಟ ಗೆದ್ದವಳೇ. ಈ ವರ್ಷ ಅವಳು ಆ ಶರಣೆಯ ಕಥೆಯನ್ನು ಪೂರ್ಣವಾಗಿ ಓದಿದ್ದಾಳೆ. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನನ್ನು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳಷ್ಟೆ. ಅದಕ್ಕೆ ಹುಡುಗಿಯ ಟಿಪ್ಪಣಿ ಹೀಗಿದೆ: “ಲಕ್ಕಮ್ಮ ಸಾಕು ಎಂದಳು. ನಮ್ಮ ಮನೆಯಲ್ಲಿ ಅಂಕದ ವಿಷಯದಲ್ಲಿ ಸಾಕು ಎನ್ನುವವರು ಯಾರು?” ತುಂಟತನವಿದೆ, ನೋವೂ ಇದೆ.

ಡಿಸೆಂಬರ್ ಕೊನೆಯ ವಾರದಿಂದ ಮಾರ್ಚ್‌ವರೆಗೆ ಪುಟಗಳು ಖಾಲಿ. ಪೂರ್ವಸಿದ್ಧತಾ ಪರೀಕ್ಷೆಗಳು, ಬೆಳಗ್ಗೆಯೊಂದು ಟ್ಯೂಷನ್, ಸಂಜೆಯೊಂದು ಟ್ಯೂಷನ್. ಕಥೆ ಪುಸ್ತಕಗಳನ್ನು ಅಟ್ಟದ ಮೇಲಿಟ್ಟಿದ್ದರಂತೆ. “ಒಂದು ವರ್ಷ ತಾನೇ, ಆಮೇಲೆ ಬೇಕಾದ್ದು ಓದಿಕೊಳ್ಳಲಿ ಅಂತ ನಾವೇ ಎತ್ತಿಟ್ಟೆವು ಸ್ವಾಮಿ” ಎಂದು ತಾಯಿ ಸಂಕೋಚದಿಂದ ಹೇಳಿದರು. ಆ ತಾಯಿಯನ್ನು ದೂರಲು ನನಗೆ ಮನಸ್ಸಿಲ್ಲ. 2024ರಿಂದ ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶ ಬಂದಿದ್ದರೂ ಮನೆಗಳೊಳಗಿನ ಭಯ ಮೂರರಲ್ಲಿ ಒಂದು ಪಾಲಾದರೂ ಇಳಿದಂತೆ ಕಾಣುವುದಿಲ್ಲ.

ಈಗ ಆ ಮನೆಯಲ್ಲಿ ಎದ್ದಿರುವ ತಕರಾರು ಬೇರೆ. ಹುಡುಗಿ ಪಿ.ಯು.ಸಿ.ಯಲ್ಲಿ ಕಲಾ ವಿಭಾಗ ಸೇರಿ ಕನ್ನಡ, ಇತಿಹಾಸ ಓದುವೆನೆನ್ನುತ್ತಾಳೆ. ಒಳ್ಳೆಯ ಅಂಕ ಬಂದಿರುವಾಗ ವಿಜ್ಞಾನವನ್ನು ಬಿಡುವುದುಂಟೇ ಎಂಬುದು ತಂದೆಯವರ ವಾದ. ಕಥೆ ಓದಿ ಓದಿ ಹೀಗಾಯಿತೆಂದು ನೋಟ್‌ಬುಕ್ಕಿನ ಮೇಲೂ ಅಪವಾದ ಬಂದಿದೆ.

ಇದೇ ಮೈಸೂರಿನಲ್ಲಿ ನೂರು ವರ್ಷಗಳ ಹಿಂದೆ ಒಬ್ಬ ಹೈಸ್ಕೂಲು ಹುಡುಗನ ಓದು ಹೇಗೆ ಸಾಗಿತೆಂಬುದನ್ನು ಇಲ್ಲಿ ನೆನೆಯಬಹುದು. ಮಲೆನಾಡಿನಿಂದ ಬಂದು ವೆಸ್ಲಿಯನ್ ಮಿಷನ್ ಹೈಸ್ಕೂಲು, ಅಂದರೆ ಇಂದಿನ ಹಾರ್ಡ್‌ವಿಕ್ ಶಾಲೆ, ಸೇರಿದ ಕುವೆಂಪು ಅವರು ಪಠ್ಯವನ್ನು ಮೀರಿ ಸಾರ್ವಜನಿಕ ಗ್ರಂಥಾಲಯದಲ್ಲಿ ಇಂಗ್ಲಿಷ್ ಕವಿಗಳನ್ನು ಓದಿದರು, ಇಂಗ್ಲಿಷಿನಲ್ಲೇ ಬರೆದರು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನ ಸಂಕಲನ ಅಚ್ಚಾದಾಗ ಅವರಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಸಲಹೆಯಿಂದ ಲೇಖನಿ ಕನ್ನಡಕ್ಕೆ ತಿರುಗಿತು. ಆ ದಿನಗಳ ಓದು, ಕನಸು, ಕಳವಳಗಳನ್ನು ಅವರು ‘ನೆನಪಿನ ದೋಣಿಯಲ್ಲಿ’ ಎಂಬ ಆತ್ಮಕಥೆಯಲ್ಲಿ ತಮ್ಮ ದಿನಚರಿಯ ಆಧಾರದಿಂದ ವಿವರಿಸಿದ್ದಾರೆ. ದಿನಚರಿ ಬರೆದವರೆಲ್ಲ ಕುವೆಂಪು ಆಗುವುದಿಲ್ಲ, ನಿಜ. ಹದಿಹರೆಯದ ಓದು ಎತ್ತ ಹರಿಯುವುದೆಂದು ಅದನ್ನು ಓದುತ್ತಿರುವವರಿಗೂ ಆಗ ತಿಳಿದಿರುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಹಾಗೆಂದು ನಾನು ಹುಡುಗಿಯ ಪಕ್ಷ ವಹಿಸಿ ತಂದೆಯವರಿಗೆ ಎದುರು ನಿಂತಿಲ್ಲ. ಓದುವ ಹವ್ಯಾಸಕ್ಕೂ ಕಲಾ ವಿಭಾಗಕ್ಕೂ ಗಂಟು ಹಾಕುವುದೇ ತಪ್ಪು. ಡಾ. ಫ.ಗು. ಹಳಕಟ್ಟಿಯವರು (1880–1964) ವೃತ್ತಿಯಿಂದ ವಿಜಾಪುರದ ವಕೀಲರು. ಊರೂರು ಅಲೆದು ತಾಡೋಲೆಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಹೆಬ್ಬಾಳದ ಹುಡುಗಿಯೊಬ್ಬಳು ಇಂದು ಲಕ್ಕಮ್ಮನ ಕಥೆಯನ್ನು ಓದಿ ಮನೆಯವರಿಗೆ ಪ್ರಶ್ನೆ ಹಾಕುತ್ತಾಳೆಂದರೆ ಅದರ ಹಿಂದೆ ಆ ವಕೀಲರ ರಾತ್ರಿಗಳ ದುಡಿಮೆಯಿದೆ. ವಿಜ್ಞಾನ ಓದುವವಳು ಪಂಪನನ್ನು ಬಿಡಬೇಕಿಲ್ಲ. ಇತಿಹಾಸ ಓದುವವಳು ಲೆಕ್ಕಕ್ಕೆ ಹೆದರಬೇಕಿಲ್ಲ. ಯಾವ ವಿಭಾಗವಾದರೂ ಅಟ್ಟದ ಮೇಲಿನ ಪುಸ್ತಕಗಳು ಕೆಳಗಿಳಿಯಲಿ.

ಪುಸ್ತಕಕ್ಕೆ ಹಣವೆಲ್ಲಿ ಎಂದು ಕೆಲವರು ಕೇಳಬಹುದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಹಣವನ್ನು ತಪ್ಪದೆ ಕೊಟ್ಟು, ಪುಸ್ತಕವನ್ನು ಮಾತ್ರ ತಾರದೆ ಬರುವ ಗಿರಾಕಿಗಳು ನಾವು! ಬೇಸಿಗೆ ರಜೆ ಮುಗಿಯುವುದರೊಳಗೆ ತಂದೆಯೋ ತಾಯಿಯೋ ಮಗುವಿನ ಜೊತೆ ಹೋಗಿ ಸದಸ್ಯತ್ವ ಮಾಡಿಸಿಕೊಂಡು ಬರಲು ಒಂದು ಭಾನುವಾರದ ಬೆಳಗು ಸಾಕು. ಹೋಗುವ ಮುನ್ನ ಯಾವ ವಾರ ರಜೆಯೆಂದು ವಿಚಾರಿಸಿಕೊಳ್ಳಿ.

ಹುಡುಗಿ ಯಾವ ವಿಭಾಗ ಸೇರುವಳೆಂಬುದು ಇನ್ನೂ ತೀರ್ಮಾನವಾಗಿಲ್ಲ. ನೋಟ್‌ಬುಕ್ಕನ್ನು ಅವಳು ಕೇಳಿದ ಮೇಲೆ ತಂದೆಯವರಿಗೆ ಕೊಟ್ಟಿದ್ದಾಳೆ. ರಾತ್ರಿ ಶಿಫ್ಟಿಗೆ ಹೋಗುವಾಗ ಅವರು ಅದನ್ನು ಊಟದ ಬ್ಯಾಗಿನಲ್ಲಿ ಇಟ್ಟುಕೊಂಡು ಹೋದರೆಂದು ತಾಯಿ ಹೇಳಿದರು.