ಬೋರ್ ಮಾಡಿಸಿದ ಹಳೆ ಬುಲೆಟ್ ಟಕ್ ಟಕ್ ಅಂದರೆ ದಪ್ಪ ಆಯಿಲ್ ಸಾಕೇ?

"ಎಂಜಿನ್ ಕಟ್ಟಿಸಿದ ಮೇಲೆ ಶಬ್ದ ಬಂದರೆ ದಪ್ಪ ಆಯಿಲ್ ಹಾಕಿ, ಮಾಯವಾಗುತ್ತದೆ." ಹಳೆ ಗಾಡಿಗಳ ಬಗ್ಗೆ ಮೊಬೈಲ್‌ನಲ್ಲಿ ಓಡಾಡುವ ಸಲಹೆಗಳಲ್ಲಿ ಇದೂ ಒಂದು. ಶಬ್ದ ಕಡಿಮೆಯಾಗಬಹುದು ನಿಜ. ಆದರೆ ರೋಗ ಹೋಯಿತೇ? ನೋಡೋಣ.

ಮೊದಲು ಗಾಡಿ ಯಾವುದು?

ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆ ಯೆಜ್ಡಿಗೆ ಕ್ಯಾಮ್‌ಶಾಫ್ಟೇ ಇಲ್ಲ. ಅದು ಟೂ ಸ್ಟ್ರೋಕ್. 1955ರಿಂದ ಮದ್ರಾಸಿನಲ್ಲಿ ತಯಾರಾದ ಬುಲೆಟ್ ಫೋರ್ ಸ್ಟ್ರೋಕ್. ಅದರ ವಾಲ್ವ್ ತೆರೆಯುವ ಕ್ಯಾಮ್‌ಗಳು ಬಲಬದಿಯ ಟೈಮಿಂಗ್ ಕವರ್ ಒಳಗೆ ಬುಶ್‌ಗಳ ಮೇಲೆ ತಿರುಗುತ್ತವೆ. ಬುಶ್‌ಗೂ ಕಬ್ಬಿಣಕ್ಕೂ ನಡುವೆ ಇರುವುದು ಆಯಿಲ್‌ನ ತೆಳು ಪದರ ಮಾತ್ರ.

ಹೊಸದಾಗಿ ಕಟ್ಟಿದ ಎಂಜಿನ್ ಯಾಕೆ ಕೆಡುತ್ತದೆ?

ಬೋರ್, ಪಿಸ್ಟನ್ ಹೊಸದಾಗುತ್ತವೆ, ಕ್ಯಾಮ್ ಬುಶ್ ಹಳೆಯದೇ ಉಳಿಯುತ್ತದೆ. ಬೋರ್ ಮಾಡಿದ ಪುಡಿ ಆಯಿಲ್ ದಾರಿಯಲ್ಲಿ ಸಿಕ್ಕಿರಬಹುದು, ಪ್ಯಾಕಿಂಗ್ ಆಯಿಲ್ ತೂತು ಮುಚ್ಚಿರಬಹುದು, ಬುಶ್‌ಗೆ ಆಯಿಲ್ ಹಚ್ಚದೆ ಒಣಗಿದ್ದಂತೆಯೇ ಜೋಡಿಸಿರಬಹುದು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಬೇಸಿಗೆ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಎಂಜಿನ್ ಓಡಿಸಿಟ್ಟರೆ ತಂಪುಮಾಡುವ ಗಾಳಿಯೂ ಇಲ್ಲ, ಪಂಪ್‌ನ ವೇಗವೂ ಕಡಿಮೆ. ಬಿಸಿಯಾದ ಆಯಿಲ್ ತೆಳ್ಳಗಾಗಿ ಪದರ ಹರಿಯುತ್ತದೆ.

ಪತ್ತೆ ಹೇಗೆ?

1. ಮೊದಲು ಟ್ಯಾಪೆಟ್ ನೋಡಿ. ಎಂಜಿನ್ ತಣ್ಣಗಿರುವಾಗ, ಎರಡೂ ವಾಲ್ವ್ ಮುಚ್ಚಿರುವ ಹಂತದಲ್ಲಿ, ಪುಶ್‌ರಾಡ್ ಬೆರಳಲ್ಲಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಅರ್ಧಕ್ಕರ್ಧ ಭಯ ಇಲ್ಲೇ ಮುಗಿಯಬಹುದು.
2. ಉದ್ದ ಸ್ಕ್ರೂಡ್ರೈವರ್‌ನ ತುದಿ ಎಂಜಿನ್‌ಗೆ, ಹಿಡಿ ಕಿವಿಗೆ. ಶಬ್ದ ಹೆಡ್‌ನಲ್ಲಿ ಜೋರೋ, ಟೈಮಿಂಗ್ ಕವರ್‌ನಲ್ಲೋ? ಕ್ಯಾಮ್ ತಿರುಗುವುದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ, ಹಾಗಾಗಿ ಅದರ ಬಡಿತ ನಿಧಾನ. ಆದರೆ ಟ್ಯಾಪೆಟ್ ಬಡಿತವೂ ಅಷ್ಟೇ ನಿಧಾನ. ಕಿವಿಯೊಂದನ್ನೇ ನಂಬಿ ತೀರ್ಪು ಕೊಡಬೇಡಿ.
3. ಬಿಸಿ ಆಯಿಲ್ ಇಳಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಆಯಸ್ಕಾಂತ ಹಿಡಿಯಿರಿ. ಅಂಟಿದ್ದು ಕಬ್ಬಿಣ. ಅಂಟದೆ ಹಳದಿಯಾಗಿ ಹೊಳೆದರೆ ಹಿತ್ತಾಳೆ-ಕಂಚಿನ ಜಾತಿ, ಅಂದರೆ ಯಾವುದೋ ಬುಶ್ ಸವೆಯುತ್ತಿದೆ. ಬೆಳ್ಳಿಬಣ್ಣವಾಗಿ ಅಂಟದಿದ್ದರೆ ಅಲ್ಯೂಮಿನಿಯಂ. ಪಿಸ್ಟನ್ ಮೇಲೆ ಅನುಮಾನ ಪಡಿ.
4. ಕೊನೆಯ ಮಾತು ಟೈಮಿಂಗ್ ಕವರ್ ಬಿಚ್ಚಿದ ಮೇಲೆಯೇ. ಕ್ಯಾಮ್ ಚಕ್ರ ಕೈಯಲ್ಲಿ ಅಲುಗಾಡಿದರೆ, ಅದರ ಕಡ್ಡಿ ನೀಲಿಗಟ್ಟಿದ್ದರೆ, ಆಯಿಲ್ ತಲುಪಿಲ್ಲ ಎಂದರ್ಥ. ಬುಶ್ ಬದಲಿಸಿದರಷ್ಟೇ ಸಾಲದು. ಆಯಿಲ್ ಯಾಕೆ ಬರಲಿಲ್ಲ ಎಂದು ಹುಡುಕದಿದ್ದರೆ ಹೊಸ ಬುಶ್‌ಗೂ ಅದೇ ಗತಿ.

ಹಾಗಾದರೆ ದಪ್ಪ ಆಯಿಲ್?

ಅದು ಸವೆದ ಸಂದಿಯನ್ನು ತುಂಬಿ ಸದ್ದು ಅಡಗಿಸುತ್ತದೆ, ಸಂದಿ ಹಾಗೇ ಇರುತ್ತದೆ. ಜ್ವರದ ಮಾತ್ರೆ ನುಂಗಿ ಗಾಯ ಮರೆತ ಹಾಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ದಪ್ಪ ಆಯಿಲ್ ಸಣ್ಣ ದಾರಿಗಳಿಗೆ ತಡವಾಗಿ ತಲುಪುತ್ತದೆ, ಸವೆತ ಇನ್ನೂ ಹೆಚ್ಚುತ್ತದೆ. ಹಳೆ ಕಬ್ಬಿಣದ ಬುಲೆಟ್‌ಗೆ ಸಾಮಾನ್ಯವಾಗಿ ಹೇಳುವುದು 20ಡಬ್ಲ್ಯು-50. ನಿರ್ಲಕ್ಷಿಸಿದರೆ ಗೇರ್ ಹಲ್ಲು ಮುರಿದು ಚೂರುಗಳು ಎಂಜಿನ್ ತುಂಬ ಹರಡುತ್ತವೆ; ಒಂದು ಬುಶ್‌ನ ಖರ್ಚು ಇಡೀ ಎಂಜಿನ್‌ನ ಖರ್ಚಾಗುತ್ತದೆ.

ಆದ್ದರಿಂದ ಆ ಸಂದೇಶ ಮುಂದೆ ಕಳಿಸುವ ಬದಲು ಗಾಡಿ ನಿಲ್ಲಿಸಿ, ಸೋಸಿದ ಆಯಿಲ್‌ನ ಬಟ್ಟೆಯನ್ನೇ ಮೆಕ್ಯಾನಿಕ್‌ಗೆ ತೋರಿಸಿ.