ಮೋಹಿನಿ ಆಡೋರಿಗೆ ನಮ್ಮನೆ ಕಟ್ಲೆ

ಈ ಬ್ಯಾಸಿಗೆ ರಜಕ್ಕೆ ನಮ್ಮನೆ ಪಡಸಾಲೇಲಿ ಐದು ಹುಡುಗ್ರು ಕುಂತ್ಕಂಡು ಒಂದು ಆಟ ಆಡಿದ್ವು. ಬೆಂಗಳೂರಿಂದ ಬಂದಿದ್ದ ನನ್ನ ತಮ್ಮನ ದೊಡ್ಡ ಮಗ ಕಲಿಸಿಕೊಟ್ಟಿದ್ದು. ಮೂರನೇ ದಿನ ಮಧ್ಯಾಹ್ನ ನನ್ನ ನಾದಿನಿ ಮಗಳು ಆಟ ಬಿಟ್ಟು ಎದ್ದು ಬಂದು, "ಅತ್ತೆ, ಹುಣಸೆಹಣ್ಣು ಬೀಜ ಬಿಡಿಸ್ಲಾ?" ಅಂದ್ಲು. ಕರೆದ್ರೂ ಆ ಕೆಲಸಕ್ಕೆ ಬರೋ ಹುಡುಗಿ ಅಲ್ಲ ಅವ್ಳು. ಏನೋ ಆಗೈತೆ ಅಂತ ನಂಗೆ ಆವಾಗ್ಲೇ ಗೊತ್ತಾಯ್ತು.

ಆಟದ ಹೆಸ್ರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದಾಗೆ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋರಿಬ್ರು ಮಾಡಿದ್ದಂತೆ. ಚೌಕಾಬಾರದ ಥರ ಕಾಯಿ ನಡೆಸಿ ಹಣ್ಣು ಮಾಡೋದಲ್ಲ ಇದು. ಒಬ್ರು ಕಥೆ ನಡೆಸ್ತಾರೆ. ಮಿಕ್ಕೋರು ಒಂದೊಂದು ಪಾತ್ರ ಹಾಕ್ಕಂಡು, "ನಾನು ಬಾಗಿಲು ಒಡೀತೀನಿ", "ನಾನು ಅವನ ಹತ್ರ ಮಾತಾಡ್ತೀನಿ" ಅಂತ ಹೇಳ್ತಾ ಹೋಗ್ತಾರೆ. ಆಗುತ್ತೋ ಇಲ್ವೋ ಅನ್ನೋದಕ್ಕೆ ಇಪ್ಪತ್ತು ಮುಖದ ಒಂದು ದಾಳ ಉರುಳಿಸ್ತಾರೆ. ನಮ್ಮೂರಿನ ಬಯಲಾಟಕ್ಕೆ ಮಾತು ಮೊದಲೇ ಬರ್ದಿಟ್ಟಿರ್ತಾರೆ, ಇದಕ್ಕೆ ಇಲ್ಲ, ಅಷ್ಟೇ.

ಇದರಾಗೆ ಫೇ ಅಂತ ಒಂದು ಜಾತಿ ಪಾತ್ರ ಬರ್ತಾವೆ. ಐರ್ಲೆಂಡು, ಸ್ಕಾಟ್ಲೆಂಡಿನ ಕಡೆ ಅಜ್ಜಿ ಕಥೆಗಳಾಗೆ ಇರೋವು. ಮನುಷ್ಯರಲ್ಲ, ದೇವ್ರಲ್ಲ, ಪೂರಾ ದೆವ್ವಾನೂ ಅಲ್ಲ. ನಮ್ಮ ಯಕ್ಷಿಣಿ, ಮೋಹಿನಿ ಇದ್ದಂಗೆ. ಮೊದಲು ಅವು ಎದುರಿಗೆ ಬರೋ ಪಾತ್ರಗಳಾಗೇ ಹೆಚ್ಚು ಇರೋವಂತೆ. 2021ರಲ್ಲಿ ಬಂದ ಒಂದು ಪುಸ್ತಕದಾಗೆ ರೆಕ್ಕೆ ಇರೋ ಫೇರಿಯಾಗಿ ನಾವೇ ಆಡಬೋದು ಅಂತ ಕೊಟ್ಟವ್ರೆ. ನನ್ನ ತಮ್ಮನ ಎರಡನೇ ಮಗ ಅದನ್ನೇ ಹಿಡ್ಕಂಡ. ಮನೇಲಿ ಎಲ್ರೂ ಅವನ ಪಾತ್ರಕ್ಕೆ ಮೋಹಿನಿ ಅಂತಲೇ ಕರೆದ್ರು.

ಮೊದಲನೇ ದಿನ ಅರ್ಧ ದಿನ ಜಗಳ ಆಗಿದ್ದು ಹಾರೋ ವಿಷಯಕ್ಕೆ. ಫೇರಿ ಮೊದಲಿಂದಾನೇ ಒಂದು ಸರದಿಗೆ 30 ಅಡಿ ಹಾರಬೋದು, ಭಾರದ ಕವಚ ಮಾತ್ರ ತೊಟ್ಟಿರಬಾರ್ದು ಅಂತ ಪುಸ್ತಕದಾಗೆ ಐತೆ. "ನಾವು ಮಧುಗಿರಿ ಬೆಟ್ಟ ಹತ್ತೋಂಗೆ ಏದುಸಿರು ಬಿಟ್ಕಂಡು ಹತ್ತಬೇಕು, ಅವ್ನು ಹಾರ್ಕಂಡು ಹೋಗ್ತಾನೆ" ಅಂತ ಮಿಕ್ಕೋವು ಕೂಗಾಡಿದ್ವು. ಕೊನೆಗೆ ಐದನೇ ಮಟ್ಟಕ್ಕೆ ಬರೋವರ್ಗೂ ಸೂರಿಗಿಂತ ಮೇಲೆ ಹಾರಂಗಿಲ್ಲ ಅಂತ ಕಟ್ಲೆ ಆಯ್ತು. ಮೋಹ ಹಾಕೋದಕ್ಕೆ ಮಾತ್ರ ಯಾರೂ ಒಂದು ಕಟ್ಲೇನೂ ಕೇಳ್ಳಿಲ್ಲ.

ಆ ಹುಡುಗ ಮೂರು ದಿನಾನೂ ನಾದಿನಿ ಮಗಳ ಪಾತ್ರಕ್ಕೇ ಮೋಹ ಹಾಕವ್ನೆ. ಒಂದಿನ "ನಿನ್ನ ಕತ್ತಿ ನಂಗೆ ಕೊಡು". ಇನ್ನೊಂದಿನ "ನೀನೇ ಮುಂದೆ ಹೋಗಿ ಗುಹೆ ನೋಡು". ಮೂರನೇ ದಿನ "ನಿನ್ನ ಅಣ್ಣನಿಗೇ ಹೊಡಿ". ಆ ಮಗ ತನ್ನ ಪಾತ್ರದ ಚಿತ್ರ ಬರೆದು, ಬಣ್ಣ ಹಚ್ಚಿ, ಎರಡು ದಿನ ಆಡಿ ಆ ಕತ್ತಿ ಸಂಪಾದಿಸಿದ್ಲು. ಆಮೇಲೆ ಅವಳಿಗೆ ಹೇಳೋಕೆ ಮಾತೇ ಉಳೀಲಿಲ್ಲ. ಅವಳ ಪಾತ್ರದ ಮಾತೂ ಅವನೇ ಆಡ್ತಿದ್ದ. ಹುಡುಗನ್ನ ಕೇಳಿದ್ರೆ, "ನಾನೇನು ಮಾಡ್ಲಿ ಅತ್ತೆ, ದಾಳ ಹಂಗೆ ಬಿತ್ತು" ಅಂದ.

ದಾಳದ ಮೇಲೆ ಹಾಕಿದ್ರೆ ಆಯ್ತಾ? ಚೌಕಾಬಾರದಾಗೂ ನಾವು ಕವಡೆ ಬಿಟ್ಟೇ ಆಡೋದು. ಆದ್ರೆ ಕವಡೆ ಬಿಡೋಕೆ ಮುಂಚೆ, "ಎದುರು ಕಾಯಿ ಒಂದಾದ್ರೂ ಕಡೀದೆ ಒಳಮನೆಗೆ ಹೋಗಂಗಿಲ್ಲ, ನಮ್ಮನೇಲಿ ಹಿಂಗೆ" ಅಂತ ಕಟ್ಲೆ ಹೇಳೋರು ನಾವು. ಕವಡೆ ಕಟ್ಲೆ ಮಾಡಲ್ಲ.

ಆ ಮಂತ್ರದ ಬಗ್ಗೆ ಪುಸ್ತಕದಾಗೆ ಏನೈತೋ ಓದಿ ಕನ್ನಡದಾಗೆ ಹೇಳಪ್ಪ ಅಂತ ದೊಡ್ಡೋನನ್ನ ಕುಂಡ್ರಿಸ್ಕಂಡೆ. ಓದ್ದ. ಮೋಹ ಒಂದು ಗಂಟೆ ಇರ್ತೈತೆ. ಹಾಕಿಸ್ಕಂಡೋರು ಹಾಕಿದೋರನ್ನ ಪರಿಚಯದ ಸ್ನೇಹಿತ್ರು ಅಂತ ಕಾಣ್ತಾರೆ, ಅಷ್ಟೇ. ಹೇಳಿದ್ದೆಲ್ಲ ಮಾಡ್ತಾರೆ ಅಂತ ಎಲ್ಲೂ ಇಲ್ಲ. ಮೋಹ ಇಳಿದ ಮೇಲೆ ತನಗೆ ಮೋಹ ಹಾಕಿದ್ರು ಅಂತ ಅವರಿಗೆ ಗೊತ್ತಾಗ್ತೈತೆ. ಇನ್ನೊಂದು ಮಾತೂ ಐತೆ, ಆ ಮಂತ್ರ ಮನುಷ್ಯ ಜಾತಿ ಪಾತ್ರಕ್ಕೆ ಮಾತ್ರ ತಗಲೋದು. ಫೇರಿ ಮನುಷ್ಯ ಜಾತಿ ಅಲ್ಲ, ಅದಕ್ಕೆ ತಗಲಲ್ಲ. ಅಂದ್ರೆ ಅವ್ನು ಇವಳಿಗೆ ಹಾಕಬೋದು, ಇವಳು ತಿರುಗಿಸಿ ಹಾಕಂಗಿಲ್ಲ.

ಪರಿಚಯದ ಸ್ನೇಹ ಅಂದ್ರೆ ಎಷ್ಟಮ್ಮ? ಪಕ್ಕದ ಮನೆಯಾಕೆ ಬಂದು ಒಂದು ಲೋಟ ಸಕ್ಕರೆ ಕೇಳಿದ್ರೆ ಕೊಡ್ತೀನಿ. ಕತ್ತಿನ ಸರ ಬಿಚ್ಚಿಕೊಡು ಅಂದ್ರೆ ಕೊಡ್ತೀನಾ? "ನಿಮ್ಮಣ್ಣನಿಗೆ ಹೊಡಿ" ಅಂದ್ರೆ ಹೊಡೀತೀನಾ? ಪುಸ್ತಕದಾಗೆ ಸಕ್ಕರೆಯಷ್ಟು ಕೊಟ್ಟವ್ರೆ, ನಮ್ಮ ಹುಡುಗ ಸರಾನೇ ಬಿಚ್ಚಿಸ್ಕಂಡವ್ನೆ.

ಇಷ್ಟೊಂದು ಯಾಕೆ ಹಚ್ಕಂಡೆ ಅಂತ ನೀವು ಕೇಳಬೋದು. ನಮ್ಮ ಚಿಕ್ಕಮ್ಮ ಒಬ್ರಿದ್ರು. ಮದುವೆಯಾಗಿ ವರ್ಷದೊಳಗೆ ಮಾತು ಬಿಟ್ರು, ಊಟ ಬಿಟ್ರು. ಮೋಹಿನಿ ಮೆಟ್ಟೈತೆ ಅಂದ್ರು. ಬೇವಿನ ಸೊಪ್ಪಿನಾಗೆ ಹೊಡೆಸಿದ್ರು. ಅವರು ಏನಾದ್ರೂ ಹೇಳೋಕೆ ಹೋದ್ರೆ, "ಅದು ಅವಳ ಮಾತಲ್ಲ, ಮೋಹಿನಿ ಮಾತು" ಅಂತಿದ್ರು. ಆವಾಗ ನಾನು ಎಂಟು ಒಂಬತ್ತು ವರ್ಷದೋಳು, ಬಾಗಿಲ ಸಂದಿಂದ ನೋಡಿದ್ದೆ. ವಯಸ್ಸಾದ ಮೇಲೆ ಒಂದಿನ ರಾಗಿ ಕೇರ್ತಾ ಅವರೇ ಅಂದ್ರು: "ಏನಾಯ್ತು ಅಂತ ನನ್ನನ್ನ ಒಬ್ರೂ ಕೇಳ್ಳಿಲ್ಲ ಕಣವ್ವ." ದೆವ್ವ ಬಿಡಿಸ್ತೀನಿ ಅಂತ ಕಟ್ಟಿ ಹೊಡೆಯೋದು ಈಗ ನಮ್ಮ ರಾಜ್ಯದಾಗೆ ಅಪರಾಧ. 2017ರಲ್ಲಿ ಮಾಡಿದ ಕಾನೂನು 2020ರ ಜನವರಿಯಿಂದ ಜಾರಿಗೆ ಬಂದೈತೆ. ಚಿಕ್ಕಮ್ಮನ ಕಾಲಕ್ಕೆ ಅದಿರಲಿಲ್ಲ.

ಪಡಸಾಲೆ ಆಟಾನೂ ಆ ಹೊಡೆತಾನೂ ಒಂದೇ ಅಂತ ನಾನು ಹೇಳ್ತಿಲ್ಲ. ಆದ್ರೆ ಹುಣಸೆಹಣ್ಣಿನ ಮುಂದೆ ಕುಂತ ಆ ಹುಡುಗಿ ಮುಖ ನೋಡಿದಾಗ ನಂಗೆ ನೆನಪಾಗಿದ್ದು ಚಿಕ್ಕಮ್ಮನ ಮುಖ. ತನ್ನ ಬಾಯಿಂದ ಬೇರೆಯೋರು ಮಾತಾಡೋದನ್ನ ಸುಮ್ಮನೆ ಕುಂತು ಕೇಳೋದು ಹೆಣ್ಣುಮಕ್ಕಳಿಗೆ ಆಟದಾಗೂ ಅಭ್ಯಾಸ ಆಗಬಾರ್ದು. ಗಂಡುಮಕ್ಕಳಿಗೆ ಹಂಗೆ ಮಾತಾಡಿಸೋದೂ ಅಭ್ಯಾಸ ಆಗಬಾರ್ದು.

ನಾದಿನಿ ಕೇಳಿದೇಟಿಗೆ, "ಮುಸ್ಸಂಜೆ ಹೊತ್ತು ಮನೇಲಿ ಮೋಹಿನಿ ಹೆಸ್ರು ಎತ್ತೋದೇ ಬ್ಯಾಡ, ಆಟಾನೇ ನಿಲ್ಲಿಸಿ ಅತ್ತಿಗೆ" ಅಂದ್ಲು. ನಾನು ಒಪ್ಪಲಿಲ್ಲ. ನಿಲ್ಲಿಸಿದ್ರೆ ಮೊಬೈಲ್ ಹಿಡ್ಕಂಡು ಒಂದೊಂದು ಮೂಲೆಗೆ ಹೋಗ್ತಾವೆ. ಅದೂ ಅಲ್ದೆ, ಇಂಥವರ ಕಥೆಗಳಾಗೆ ಕಟ್ಲೆ ಇರೋದೇ ಚೆಂದ. ಅಲ್ಲಿನ ಫೇಗೆ ಕಬ್ಬಿಣ ಕಂಡ್ರೆ ಆಗಲ್ಲ, ನಾವು ಬಾಣಂತಿ ತಲೆದಿಂಬಿನ ಕೆಳಗೆ ಕುಡುಗೋಲು ಇಡ್ತೀವಿ. ಅಲ್ಲಿ ಫೇಗೆ ನಿನ್ನ ಹೆಸ್ರು ಕೊಡಬ್ಯಾಡ ಅಂತಾರೆ, ಇಲ್ಲಿ ರಾತ್ರಿ ಹೆಸ್ರು ಹಿಡಿದು ಕೂಗಿದ್ರೆ ಮೂರನೇ ಸಲದವರ್ಗೂ ಓ ಅನ್ನಬ್ಯಾಡ ಅಂತಾರೆ. ಬೆಂಗಳೂರು ಕಡೆಯೆಲ್ಲ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ದ ಕಾಲ ನಿಮಗೂ ನೆನಪಿರಬೇಕು. ಆ ದೆವ್ವ ದಿನಾ ಬಂದು, ಓದಿ, ವಾಪಸ್ ಹೋಗ್ತಿತ್ತಂತೆ. ಬಾಗಿಲು ಮುರಿಯೋ ಶಕ್ತಿ ಇದ್ರೂ ಬರ್ದಿದ್ದನ್ನ ಮೀರ್ತಿರಲಿಲ್ಲ. ಭಾರತದಾಗೆ ಕೊಳದ ಹತ್ರ ಧರ್ಮರಾಯನ್ನ ಪ್ರಶ್ನೆ ಕೇಳ್ದ ಯಕ್ಷ ಕೂಡ ಉತ್ತರ ಸರಿಯಾಗಿ ಬಂದ ಮೇಲೆ ಮಾತಿಗೆ ತಪ್ಪಲಿಲ್ಲ, ಸತ್ತ ತಮ್ಮಂದಿರನ್ನ ಎಬ್ಬಿಸಿಕೊಟ್ಟ. ಮನುಷ್ಯರಿಗಿಂತ ಶಕ್ತಿ ಜಾಸ್ತಿ ಇರೋರಿಗೆ ಮನುಷ್ಯರಿಗಿಂತ ಕಟ್ಟು ಜಾಸ್ತಿ ಇರಬೇಕು ಅಂತ ಹಳಬ್ರು ಎಲ್ಲಾ ಕಡೆ ಯೋಚನೆ ಮಾಡವ್ರೆ.

ಅದಕ್ಕೆ ನಾನೂ ದೊಡ್ಡೋನೂ ಕುಂತು ನಾಲ್ಕು ಕಟ್ಲೆ ಮಾಡಿ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಹಾಕಿದ್ವಿ.

ಒಂದು, ಮೋಹಿನಿ, ಯಕ್ಷಿಣಿ, ಫೇ ಯಾರೇ ಆಡ್ಲಿ, ಕೊಟ್ಟ ಮಾತಿಗೆ ತಪ್ಪಂಗಿಲ್ಲ. ಸುತ್ತಿ ಬಳಸಿ ಮಾತಾಡಿ ಜಾರ್ಕಬೋದು, ಸುಳ್ಳು ಹೇಳಂಗಿಲ್ಲ.

ಎರಡು, ಇನ್ನೊಬ್ಬರ ಪಾತ್ರಕ್ಕೆ ಮೋಹ ಹಾಕೋಕೆ ಮುಂಚೆ ಆಟ ನಿಲ್ಲಿಸಿ, ಅವರ ಮುಖ ನೋಡಿ ಕೇಳಬೇಕು. ಬ್ಯಾಡ ಅಂದ್ರೆ ಬ್ಯಾಡ, ದಾಳ ಮುಟ್ಟಂಗಿಲ್ಲ. ಹೂಂ ಅಂದ್ರೂ ಸಕ್ಕರೆಯಷ್ಟೇ ಕೇಳಬೇಕು, ಸರ ಕೇಳಂಗಿಲ್ಲ. ಮೋಹದಾಗೆ ಇರೋ ಪಾತ್ರದ ಮಾತು ಆಡೋರು ಆ ಪಾತ್ರದೋರೇ.

ಮೂರು, ಕಬ್ಬಿಣ ಹಿಡಿದೋರ ಮೇಲೆ ಮೋಹ ನಡೆಯಲ್ಲ. ಇದು ಪುಸ್ತಕದಾಗಿಲ್ಲ, ನಮ್ಮನೇದು.

ನಾಲ್ಕು, ಊರಾಗೆ ಮೈಮೇಲೆ ಬರೋರನ್ನ, ಕಾಯಿಲೆಯೋರನ್ನ ಅಣಕಿಸಂಗಿಲ್ಲ.

ಹಾರೋ ಕಟ್ಲೆ ಮಾತ್ರ ನಾನು ತೆಗೆಸಿದೆ. ಹಾರ್ಲಿ ಬಿಡಿ. ಅವ್ನು ಹಾರಿದ್ರೆ ಮಿಕ್ಕೋರಿಗೆ ಹೊಟ್ಟೆಕಿಚ್ಚು ಆಗಬೋದು, ಯಾರ ಕೈಯಾಗಿಂದಾನೂ ಏನೂ ಹೋಗಲ್ಲ. ಎದ್ದು ಕಾಣೋದಕ್ಕೆ ಹತ್ತು ಕಟ್ಲೆ ಮಾಡಿ, ಒಳಗೆ ನಾಟೋದನ್ನ "ಆಟ ಅಲ್ವಾ" ಅಂತ ಬಿಟ್ಟುಬಿಡ್ತೀವಿ. ಆಟದಾಗೊಂದೇ ಅಲ್ಲ, ಮನೇಲೂ ನಾವು ಮಾಡೋದು ಅದೇ.

ಎರಡನೇದನ್ನ ಓದಿ ತಮ್ಮನ ಎರಡನೇ ಮಗ, "ಕೇಳಿ ಮೋಹ ಹಾಕಿದ್ರೆ ಅದೆಂಥ ಮೋಹಿನಿ ಅತ್ತೆ" ಅಂತ ಸಿಡುಕಿದ. ಅವ್ನು ಹೇಳೋದ್ರಾಗೂ ಒಂದಿಷ್ಟು ನಿಜ ಐತೆ, ಮಜ ಕಮ್ಮಿ ಆಗ್ತೈತೆ. ಆಗ್ಲಿ ಅಂದೆ. ಮಾರನೇ ದಿನ ನಾದಿನಿ ಮಗಳು ಬಂದು ಕುಂತ್ಲು. ಪಾತ್ರದ ಚೀಟೀಲಿ ಮೊದಲು ಬರ್ಕಂಡಿದ್ದು "ಕುಡುಗೋಲು, ಕಬ್ಬಿಣದ್ದು" ಅಂತ. ಮೂರು ದಿನ ಯಾರು ಕೇಳಿದ್ರೂ "ಬ್ಯಾಡ" ಅಂದ್ಲು. ನಾಲ್ಕನೇ ದಿನ ತಾನೇ "ಹೂಂ, ಹಾಕು ನೋಡಾನ" ಅಂದಿದ್ದು ಅಡಿಗೆಮನೆಗೆ ಕೇಳಿಸ್ತು. ಕಥೆ ಎಲ್ಲಿಗೆ ಹೋಯ್ತೋ ನಂಗೆ ಗೊತ್ತಿಲ್ಲ, ಒಲೆ ಮೇಲೆ ಮುದ್ದೆಗೆ ಎಸರು ಇಟ್ಟಿದ್ದೆ. ನಗ್ತಾ ಇದ್ಲು, ಅದಂತೂ ಕೇಳಿಸ್ತು.

ದಸರಾ ರಜಕ್ಕೆ ನಿಮ್ಮನೇಲೂ ಹುಡುಗ್ರು ಸೇರ್ತಾವೆ. ಯಾವ ಆಟಾನಾದ್ರೂ ಆಡ್ಲಿ, ಬೈಬ್ಯಾಡಿ. ಎರಡನೇ ಕಟ್ಲೆ ಒಂದನ್ನ ಮಾತ್ರ ಬರೆದು ಗೋಡೆಗೆ ಹಾಕ್ರಮ್ಮ.